ಬದುಕಿ ಬಂದವರ ಮನೆಗೆ ಬೆಳಗಿನ ಫೋನು

ಬೆಳಗಿನ ಆರಕ್ಕೆ ಹತ್ತು ನಿಮಿಷ ಬಾಕಿ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಳೆಯ ಕಡತಗಳ ಕಪಾಟುಗಳ ನಡುವೆ ಒಂದು ಮೇಜು, ಒಂದು ಕುರ್ಚಿ, ಒಂದು ಫೋನು. ಸ್ವೆಟರಿನ ತೋಳು ಮೇಲೇರಿಸಿಕೊಂಡ ಹೆಂಗಸೊಬ್ಬರು ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ನಂಬರು ಒತ್ತುತ್ತಿದ್ದಾರೆ.

"ಎದ್ದಿದ್ದಾರಾ?" ಎನ್ನುವುದು ಅವರ ಮೊದಲ ಪ್ರಶ್ನೆ.

"ಇಲ್ಲಕ್ಕ, ಮಲಗಿದ್ದಾರೆ," ಎಂದು ಆ ಕಡೆಯಿಂದ ಇನ್ನೊಬ್ಬ ಹೆಂಗಸಿನ ಪಿಸುದನಿ.

"ಹಂಗಾದ್ರೆ ಅಡುಗೆಮನೆಗೆ ಹೋಗಮ್ಮ. ಬಾಗಿಲು ಮುಂದಕ್ಕೆ ಮಾಡ್ಕೋ. ಹಾಂ, ಈಗ ಹೇಳು."

ಆಮೇಲೆ ಹದಿನೇಳು ನಿಮಿಷ ಇವರು ಬರೀ ಹೂಂಗುಟ್ಟುತ್ತಾರೆ.

ಹೃದಯ ನಿಂತುಹೋದವರ ಎದೆ ಒತ್ತಿ, ಕರೆಂಟು ಕೊಟ್ಟು, ಬದುಕಿಸಿ ಮನೆಗೆ ಕಳಿಸುತ್ತದಲ್ಲ ಆಸ್ಪತ್ರೆ, ಹಾಗೆ ಹೋದವರಿಗೆ ಮೂರನೇ ತಿಂಗಳಲ್ಲೊಮ್ಮೆ, ವರ್ಷ ತುಂಬಿದಾಗೊಮ್ಮೆ, ಆಮೇಲೆ ಐದನೇ ವರ್ಷದವರೆಗೆ ಪ್ರತಿವರ್ಷ ಫೋನು ಮಾಡಿ "ಹೇಗಿದ್ದೀರಿ" ಎಂದು ಕೇಳುವುದು ಇವರ ಕೆಲಸ. ಇವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇದೆ. ವಾರ್ಡಿನವರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಇವರು ಫೋನಕ್ಕ. ದಿನಕ್ಕೆ ಹತ್ತು ಹನ್ನೆರಡು ಕರೆ ಮಾಡಿದರೆ ಮಾತಿಗೆ ಸಿಗುವುದು ಮೂರೋ ನಾಲ್ಕೋ ಮನೆ. ಒಂಬತ್ತು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳ ಅಡುಗೆಮನೆ ಇವರ ಕಿವಿಗೆ ಪರಿಚಯ. ಕಚೇರಿಯ ಹೊತ್ತು ಶುರುವಾಗುವುದು ಒಂಬತ್ತಕ್ಕೆ. ಇವರು ಬರುವುದು ಆರಕ್ಕೂ ಮುಂಚೆ, ತಮ್ಮಷ್ಟಕ್ಕೆ ತಾವೇ. ಯಾಕೆ ಎಂದು ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದೆ.

"ಒಂಬತ್ತಕ್ಕೆ ಮಾಡಿದ್ರೆ ಅವರೇ ಎತ್ತುತ್ತಾರೆ ಸಾರ್. 'ನಂಗೇನಾಗಿದೆ, ಗುಂಡುಕಲ್ಲಿನ ಹಂಗಿದ್ದೀನಿ' ಅಂತಾರೆ. ಪಕ್ಕದಲ್ಲಿ ಹೆಂಡ್ತಿ ನಿಂತಿರ್ತಾಳೆ, ಅವಳೂ ಹೂಂ ಅನ್ಬೇಕು. ಜೀವ ಉಳಿಸಿ ಕೊಟ್ಟ ಆಸ್ಪತ್ರೆಗೆ ದೂರು ಹೇಳೋಕಾಗುತ್ತಾ? ಬದುಕಿ ಬಂದೋರು ಬೇಗ ಏಳಲ್ಲ, ಸುಸ್ತು ಜಾಸ್ತಿ. ಅದಕ್ಕೇ ಆರು ಗಂಟೆ. ನಿಜ ಹೊರಗೆ ಬರೋದು ಅವರು ಏಳೋಕ್ಕೆ ಮುಂಚೆ."

ಹೋದ ಜೀವ ಬಂತು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಎಷ್ಟು ಬಂತು, ಯಾವ ಭಾಗ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಹೃದಯ ನಿಂತ ಆ ಕೆಲವು ನಿಮಿಷ ಮಿದುಳಿಗೂ ಉಸಿರಿಲ್ಲ. ಆಸ್ಪತ್ರೆಯ ಮುಖ್ಯ ದ್ವಾರದಲ್ಲಿ ನಗುವ ಮುಖಗಳ ಫೋಟೊ ತೂಗುಹಾಕಿ "ಮರುಜನ್ಮ" ಎಂದು ಬರೆದಿದ್ದಾರೆ. ಆ ಮರುಜನ್ಮವನ್ನು ಹೆತ್ತವರಂತೆ ಸಾಕುತ್ತಿರುವ ಹೆಂಡತಿ, ತಾಯಿ, ಅಕ್ಕಂದಿರ ಫೋಟೊ ಎಲ್ಲೂ ಇಲ್ಲ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಫೋನಕ್ಕನಿಗೆ ಬರುವುದಿಲ್ಲ, ಅಥವಾ ಬಂದು ಬಂದು ಸವೆದಿದೆ.

ಇದಕ್ಕೂ ಮುಂಚೆ ಹದಿನೈದು ವರ್ಷ ಇವರು ಇದೇ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿದ್ದರು. ಯಾವುದೇ ವಾರ್ಡಿನಲ್ಲಿ ಹೃದಯ ನಿಂತರೆ ಮೊದಲ ಕರೆ ಇವರಿಗೆ. ಇವರು ಮೈಕಿನಲ್ಲಿ ಕೂಗಿದರೆ ವೈದ್ಯರು ಎದ್ದೆವೋ ಬಿದ್ದೆವೋ ಎಂದು ಓಡುತ್ತಿದ್ದರು. "ಕೂಗಿ ಕೈತೊಳ್ಕೊಳ್ತಿದ್ದೆ. ಮುಂದೆ ಏನಾಯ್ತು ಅಂತ ಗೊತ್ತೇ ಆಗ್ತಿರ್ಲಿಲ್ಲ. ಅದೇ ಸುಖ ಇತ್ತು," ಎನ್ನುತ್ತಾರೆ. ಬೋರ್ಡಿನ ಜಾಗಕ್ಕೆ ಯಂತ್ರ ಬಂದ ಮೇಲೆ ಇವರನ್ನು ನೆಲಮಾಳಿಗೆಗೆ ಇಳಿಸಲಾಯಿತು.

ಕರೆಗೊಂದು ಫಾರಂ ಇದೆ. ಸ್ವಂತವಾಗಿ ಸ್ನಾನ ಮಾಡುತ್ತಾರಾ, ಉಣ್ಣುತ್ತಾರಾ, ಒಬ್ಬರೇ ಹೊರಗೆ ಹೋಗಿ ಬರುತ್ತಾರಾ, ಹೀಗೆ ಆರು ಪ್ರಶ್ನೆ. ಕೊನೆಗೆ ಐದು ಚೌಕ. ಒಂದನೆಯದು ಉತ್ತಮ ಚೇತರಿಕೆ, ಮೂರನೆಯದು ಇನ್ನೊಬ್ಬರ ಆಸರೆ ಬೇಕು, ಐದನೆಯದು ತೀರಿಕೊಂಡರು. ಆರೂ ಪ್ರಶ್ನೆಗೆ ಹೌದು ಎಂದರೆ ಕಣ್ಣುಮುಚ್ಚಿ ಒಂದನೇ ಚೌಕಕ್ಕೆ ಗುರುತು ಹಾಕಬೇಕು. ಕಂಪ್ಯೂಟರು ಓದುವುದು ಆ ಗುರುತನ್ನಷ್ಟೇ.

ಕೋಟು ಹೊಲಿಯುವ ದರ್ಜಿಯೊಬ್ಬರಿದ್ದಾರೆ, ಒಂದನೇ ಚೌಕ. ಕೈ ಕತ್ತರಿಯನ್ನು ಮರೆತಿಲ್ಲ. ಆದರೆ ಈಗ ತೆಗೆದುಕೊಂಡ ಅಳತೆ ಗಳಿಗೆ ಹೊತ್ತಿಗೆ ತಲೆಯಿಂದ ಹೋಗುತ್ತದೆ. ಹಳೆಯ ಗಿರಾಕಿಗಳ ಹಳೆಯ ಅಳತೆಯೆಲ್ಲ ಬಾಯಿಪಾಠ. ಹೊಟ್ಟೆ ಮುಂದಕ್ಕೆ ಬಂದ ಗಿರಾಕಿಗೂ ಹತ್ತು ವರ್ಷದ ಹಿಂದಿನ ಸೊಂಟಕ್ಕೆ ಕೋಟು ಕತ್ತರಿಸಿಟ್ಟಿರುತ್ತಾರೆ. ಅವರು ಮಧ್ಯಾಹ್ನ ಮಲಗಿದಾಗ ಹೆಂಡತಿ ಬೇರೆ ಬಟ್ಟೆ ತಂದು ಕದ್ದು ಕತ್ತರಿಸುತ್ತಾಳೆ. "ನಮ್ಮನೆಯವರು ಊರವರನ್ನೆಲ್ಲ ಸಣ್ಣ ಮಾಡ್ಬಿಟ್ಟಿದ್ದಾರಕ್ಕ," ಎಂದು ನಕ್ಕಳಂತೆ, ನಗುತ್ತಲೇ ಅತ್ತಳಂತೆ. ಇನ್ನೊಂದು ಮನೆಯಲ್ಲಿ ತಾಯಿ ಮಗನ ಎದೆಯ ಮೇಲೆ ಕೈಯಿಟ್ಟೇ ಮಲಗುತ್ತಾರೆ, ಅದು ಹೊಡೆದುಕೊಳ್ಳುತ್ತಿದೆಯೋ ಇಲ್ಲವೋ ಎಂದು. ಮಗನಿಗೆ ಮೂವತ್ತೆಂಟು ವಯಸ್ಸು. ಅವನೂ ಒಂದನೇ ಚೌಕ.

ಇಂಥದ್ದನ್ನು ಬರೆಯಲು ಫಾರಂನಲ್ಲಿ ಜಾಗವಿಲ್ಲ. ಹಾಗಾಗಿ ಫೋನಕ್ಕ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ. ಒಂಬತ್ತು ವರ್ಷದ ಹಿಂಬದಿಗಳು ಈ ಕಪಾಟುಗಳಲ್ಲಿವೆ.

ಬರೆಯುವುದಕ್ಕಿಂತ ದೊಡ್ಡ ಉಪಕಾರವೆಂದರೆ ಆ ಮನೆಯವರನ್ನು ಇವರು ಮಂಗಳವಾರದ ಕೋಣೆಗೆ ಕಳಿಸುತ್ತಿದ್ದುದು. ಎರಡನೇ ಮಹಡಿಯಲ್ಲಿ, ವಾರಕ್ಕೊಮ್ಮೆ, ಹತ್ತರಿಂದ ಹನ್ನೆರಡು. ಬದುಕಿ ಬಂದ ಹದಿನಾಲ್ಕು ಮಂದಿ ಒಂದು ಮೂಲೆಯಲ್ಲಿ ಕೂತು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅದರಂತೆ ನಡೆಯುವುದನ್ನು ಕಲಿಯುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಮನೆಯವರು ಟೀ ಕುಡಿಯುತ್ತಾ ಮನಸಾರೆ ಬೈಯುತ್ತಿದ್ದರು. "ನಮ್ಮದು ಹಾಡಿದ್ದೇ ಹಾಡೋ ಕಿಸಬಾಯಿದಾಸ" ಎಂದು ಒಬ್ಬಳು ಶುರುಮಾಡಿದರೆ "ನಮ್ಮದು ಹಾಡೋದೇ ಬಿಟ್ಟಿದೆ ಕಣೇ" ಎಂದು ಇನ್ನೊಬ್ಬಳು.

ಆ ಎರಡನೇ ಮೂಲೆಯಲ್ಲಿ ಫೋನಕ್ಕನೂ ಕೂರುತ್ತಿದ್ದರು. ನೌಕರಳಾಗಿ ಅಲ್ಲ, ಹೆಂಡತಿಯಾಗಿ. ಇವರ ಗಂಡ ಗೋದಾಮಿನಲ್ಲಿ ಮಾಲು ಎತ್ತುವ ಗಾಡಿ ಓಡಿಸುತ್ತಿದ್ದವರು. ನಾಲ್ಕು ವರ್ಷದ ಹಿಂದೆ ಗಾಡಿಯ ಮೇಲೇ ಕುಸಿದರು. ಜೊತೆಯವರು ಹನ್ನೊಂದು ನಿಮಿಷ ಎದೆ ಒತ್ತಿದರು. ಈಗ ಮನೆಯಲ್ಲಿದ್ದಾರೆ.

ಈ ವರ್ಷದ ಪಟ್ಟಿಯಲ್ಲಿ ಗಂಡನ ನಂಬರು ಬಂದಾಗ ಫೋನಕ್ಕ ಇದೇ ಕುರ್ಚಿಯಿಂದ ಮನೆಗೆ ಕರೆ ಮಾಡಿದರು, ಕಚೇರಿಯ ದನಿಯಲ್ಲಿ. ಗಂಡನಿಗೆ ಗುರುತು ಸಿಗಲಿಲ್ಲ. ಸ್ನಾನ? "ಮಾಡ್ತೀನಿ ಮೇಡಂ." ಊಟ? "ನಾನೇ ಬಡಿಸ್ಕೋತೀನಿ." ಹೊರಗೆ? "ಒಬ್ಬನೇ ಬಸ್ಸಲ್ಲಿ ಹೋಗ್ತೀನಿ." ಆರಕ್ಕೆ ಆರೂ ಸರಿ. ಇನ್ನೇನಾದರೂ ಹೇಳುವುದಿದೆಯಾ ಎಂದು ಕೇಳಿದ್ದಕ್ಕೆ ಅವರು ದನಿ ತಗ್ಗಿಸಿದರಂತೆ. "ನನ್ನ ಬಿಡಿ ಮೇಡಂ. ನನ್ನ ಹೆಂಡ್ತೀನ ಸ್ವಲ್ಪ ನೋಡಿ. ಮುಂಚೆ ಹಂಗಿರ್ಲಿಲ್ಲ ಅವಳು. ಈಗ ಬರೀ ಸಿಡಿಮಿಡಿ, ನಗೋದೇ ಇಲ್ಲ. ಪಾಪ, ಅವಳಿಗೆ ಏನೋ ಆಗಿದೆ."

ಫೋನಕ್ಕ ಒಂದನೇ ಚೌಕಕ್ಕೆ ಗುರುತು ಹಾಕಿದರು. ಹಾಳೆ ತಿರುಗಿಸಿ ಆ ಮಾತನ್ನು ಇದ್ದದ್ದು ಇದ್ದ ಹಾಗೇ ಬರೆದಿಟ್ಟರು.

ಹೋದ ತಿಂಗಳು ಆದೇಶ ಬಂತು. ಬದುಕಿ ಹೋದವರಲ್ಲಿ ಶೇಕಡ ಎಂಬತ್ತೆರಡು ಮಂದಿ ಉತ್ತಮ ಚೇತರಿಕೆ ಕಂಡಿರುವುದರಿಂದ ಮಂಗಳವಾರದ ಕೋಣೆಯ ಅಗತ್ಯವಿಲ್ಲ, ಮುಚ್ಚತಕ್ಕದ್ದು. ಆ ಎಂಬತ್ತೆರಡು ಫೋನಕ್ಕನ ಕೈಯಿಂದಲೇ ಹೋದದ್ದು. ಅವರು ಎರಡು ದಿನ ಕೂತು ನೂರಾರು ಹಿಂಬದಿಗಳನ್ನು ನಕಲು ಮಾಡಿ, ಕೋಣೆ ಉಳಿಸಿ ಎಂದು ಕೇಳಿಕೊಳ್ಳಲು ಆಸ್ಪತ್ರೆಯ ಸಮಿತಿಯ ಮುಂದೆ ಹೋದರು. ಅಧ್ಯಕ್ಷರು ಕಟ್ಟನ್ನು ಬಿಚ್ಚಲೂ ಇಲ್ಲ. ತಮ್ಮ ಕಡತದಿಂದ ಒಂದೇ ಒಂದು ಹಾಳೆ ತೆಗೆದರು.

"'ಇದು ನಿಮ್ಮ ಯಜಮಾನರದ್ದಲ್ವಾ? ಕೈಬರಹ ನಿಮ್ಮದೇ ತಾನೆ? ಒಂದನೇ ಚೌಕ. ನಿಮ್ಮನೇಲೇ ಎಲ್ಲ ಚೆನ್ನಾಗಿದೆ, ಮತ್ತೇನಮ್ಮ ತಕರಾರು?' ಅಂದ್ರು. ತಿರುಗ್ಸಿ ನೋಡಿ ಸಾರ್ ಅಂದೆ. 'ಹಿಂದೆ ಬರೆದಿದ್ದು ಲೆಕ್ಕಕ್ಕೆ ಬರಲ್ಲ' ಅಂದ್ರು."

ಮೂರನೇ ಚೌಕಕ್ಕೆ ಗುರುತು ಹಾಕಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳುತ್ತೇನೆ. ಅವರು ನನ್ನನ್ನು ದಿಟ್ಟಿಸಿ ನೋಡುತ್ತಾರೆ. "ಕೇಳಿದ್ದಕ್ಕೆಲ್ಲ ಸರಿಯಾಗೇ ಉತ್ತರ ಕೊಟ್ರಲ್ಲ ಸಾರ್. ಸುಳ್ಳು ಹೆಂಗೆ ಬರೀಲಿ? ಒಂಬತ್ತು ವರ್ಷದಲ್ಲಿ ಒಂದು ಸುಳ್ಳು ಗುರುತು ಹಾಕಿಲ್ಲ ನಾನು." ಹೆಮ್ಮೆಯ ಮಾತೇ. ಆದರೆ ಹೇಳುತ್ತಲೇ ಅವರು ಬಿಚ್ಚದೆ ವಾಪಸು ಬಂದ ಆ ಕಟ್ಟನ್ನು ಮೇಜಿನ ಕೆಳಗೆ ತಳ್ಳುತ್ತಾರೆ.

ಕೋಣೆಗೆ ಬೀಗ ಬಿದ್ದ ಮೇಲಿನ ಮೊದಲ ಮಂಗಳವಾರ ನಾನು ಅಲ್ಲೇ ಇದ್ದೆ. ಬೆಳಗಿನ ಆರರಿಂದಲೇ ಫೋನಕ್ಕ ಗಂಡನನ್ನು ಬಿಟ್ಟು ಉಳಿದ ಹದಿಮೂರೂ ಮಂದಿಗೆ ಕರೆ ಮಾಡಿ, ಈ ಸಲ ಅವರನ್ನೇ ಎಬ್ಬಿಸಿ, ಕೋಣೆ ಮುಚ್ಚಿದೆ, ಬರಬೇಡಿ ಎಂದು ಬಿಡಿಸಿ ಹೇಳಿದ್ದರು. ಎಲ್ಲರೂ ಆಯಿತು ಎಂದಿದ್ದರು. ಗಂಡನಿಗೆ ಮನೆ ಬಿಡುವ ಮುಂಚೆಯೇ ಹೇಳಿದ್ದರು, ಅವರೂ ತಲೆಯಾಡಿಸಿದ್ದರು.

ಹತ್ತು ಗಂಟೆಗೆ ನಾವು ಮೆಟ್ಟಿಲು ಹತ್ತಿ ನೋಡಿದರೆ ಬೀಗದ ಮುಂದೆ ಒಂಬತ್ತು ಮಂದಿ ಸಾಲಾಗಿ ನಿಂತಿದ್ದಾರೆ. ಕೂದಲು ಬಾಚಿಕೊಂಡಿದ್ದಾರೆ. ಎಲ್ಲರ ಕೈಯಲ್ಲೂ ನೋಟ್‌ಬುಕ್ಕು, ಅದರಲ್ಲಿ ಬರೆದಿದೆ: ಮಂಗಳವಾರ, ಹತ್ತು ಗಂಟೆ, ಎರಡನೇ ಮಹಡಿ. ಮೂರನೆಯವರು ಫೋನಕ್ಕನ ಗಂಡ. ನೆಲದ ಮೇಲೆ ಕೂತವರಿಲ್ಲ, ಕೇಳುವವರಿಲ್ಲ, ಹೊತ್ತಾಯಿತೆಂದು ಗೊಣಗುವವರೂ ಇಲ್ಲ. ಬೀಗ ತೆಗೆಯುತ್ತಾರೆಂದು ಶಾಲೆಯ ಮಕ್ಕಳಂತೆ ಕಾಯುತ್ತಿದ್ದಾರೆ. ಫೋನಕ್ಕ ಒಬ್ಬೊಬ್ಬರ ಬಳಿಯೂ ಹೋಗಿ ಮತ್ತೆ ಹೇಳಿದರು. ಒಬ್ಬೊಬ್ಬರೂ ಮತ್ತೆ ಆಯಿತು ಎಂದರು. ಯಾರೂ ಕದಲಲಿಲ್ಲ.

ಪತ್ರಿಕೆಯಲ್ಲಿ ಏನು ಬರೆಯಲಿ, ನಿಮ್ಮ ಆಸೆ ಏನು ಎಂದು ನಾನು ಕೇಳಿದೆ. ಕೋಣೆ ತೆರೆಸಿ ಎನ್ನುತ್ತಾರೆ ಎಂದುಕೊಂಡಿದ್ದೆ.

"ಕಾರಿಡಾರಲ್ಲಿ ಒಂದು ಬೆಂಚು ಹಾಕ್ಸೋಕೆ ಹೇಳಿ ಸಾರ್, ಸಾಕು," ಎಂದರು ಫೋನಕ್ಕ. "ಮುಂದಿನ ವಾರನೂ ಬರ್ತಾರೆ."