ಗಿರಿಜಾ ಹಿಡಿದ ನನ್ನ ಇಷ್ಟಲಿಂಗ

ತಿಂದವಳು ನಾನು, ಗಿರಿಜಾ. ನೀನಲ್ಲ.

ಇಷ್ಟು ಹೇಳಲು ಇಷ್ಟು ವರ್ಷ ಬೇಕಾದವು — ಅಷ್ಟರಲ್ಲಿ ಅತ್ತೆಯೂ ಹೋದರು, ಈ ಮಾತನ್ನು ಮೊದಲು ಕೇಳಬೇಕಾದವರು. ಸುಳ್ಳು ಹೇಳುವುದು ಒಂದು ಗಳಿಗೆಯ ಕೆಲಸ. ಅದನ್ನು ಕಾಯುವ ಕೆಲಸ ಮಾತ್ರ ದಿನಾ ಇರುತ್ತದೆ. ನನಗೆ ಸಾಕಾಗಿದೆ.

ಅದು ತೆಲಂಗಾಣ ರಾಜ್ಯ ಬಂದ ವರ್ಷ. ನೀನು ನನ್ನ ಮೈದುನನನ್ನು ಮದುವೆಯಾಗಿ ನಾರಾಯಣಪೇಟೆಯ ನಮ್ಮ ಮನೆಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ನನ್ನ ಕನ್ನಡಕ ಮಾಡಿಸಲು ಇಬ್ಬರೂ ಮಹಬೂಬನಗರಕ್ಕೆ ಹೋಗಿದ್ದೆವು. ಊರ ತುಂಬ ಗುಲಾಲು, ಮೆರವಣಿಗೆ, ಪಟಾಕಿ. ಬಸ್ಸುಗಳನ್ನು ಒಳಗೆ ಬಿಡುತ್ತಿಲ್ಲ, ಇಲ್ಲೇ ಹತ್ತಬೇಕೆಂದು ಆಟೋದವನು ನಮ್ಮನ್ನು ಊರ ಹೊರಗೆ, ಹೊಸ ಬಡಾವಣೆಯ ಹತ್ತಿರ ಇಳಿಸಿ ಹೋದ. ಅಲ್ಲಿತ್ತು ಆ ಬಾರ್ಬೆಕ್ಯೂ ಹೋಟೆಲು. ಪ್ರತಿ ಮೇಜಿನ ನಡುವೆ ಕೆಂಡ, ಕೆಂಡದ ಮೇಲೆ ಕಬ್ಬಿಣದ ಕಡ್ಡಿಗಳು. ಕೂತವರೇ ಹೊರಳಿಸಿ ಸುಟ್ಟುಕೊಂಡು ತಿನ್ನಬೇಕು. ಬಿಸಿಲಿತ್ತು, ಹಸಿವಿತ್ತು. ಕೂತೆವು.

‘ಏಂ ಕಾವಾಲಮ್ಮಾ? ವೆಜ್ಜಾ, ನಾನ್‌ವೆಜ್ಜಾ?’ ಎಂದು ಸಪ್ಲಾಯರ್ ತೆಲುಗಿನಲ್ಲಿ ಕೇಳಿದ. ನಾನು ನಾನ್‌ವೆಜ್ ಎಂದುಬಿಟ್ಟೆ. ನೀನು ಬೆಚ್ಚಿ ನನ್ನನ್ನು ನೋಡಿದೆ. ಬಸುರಿಯ ಬಯಕೆ ಎನ್ನೋಣವೆಂದರೆ ಆಗ ನಾನು ಬಸುರಿಯೂ ಅಲ್ಲ. ಐದು ವರ್ಷದ ಮಗನನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದವಳು. ಗದ್ವಾಲದ ನನ್ನ ತವರಿನಲ್ಲಿ ಪಕ್ಕದ ಮನೆಯಿಂದ ಆ ವಾಸನೆ ಬಂದರೆ ಅವ್ವ ಕಿಟಕಿ ಮುಚ್ಚುತ್ತಿದ್ದಳು, ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಗುರುತಿನವರಿಲ್ಲದ ಊರಲ್ಲಿ ಒಂದೇ ಒಂದು ಸಲ — ಇಷ್ಟೇ, ಇದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ.

ಆದರೆ ಕೊರಳಲ್ಲಿ ಇಷ್ಟಲಿಂಗ. ದೀಕ್ಷೆಯಲ್ಲಿ ಕಟ್ಟಿಸಿಕೊಂಡದ್ದು, ಸಾಯುವ ತನಕ ಮೈ ಬಿಡಬಾರದ್ದು. ಕಟ್ಟಿಕೊಂಡೇ ಮಾಂಸ ತಿನ್ನುವ ಧೈರ್ಯ ನನಗಿರಲಿಲ್ಲ. ಬಿಚ್ಚುವ ಧೈರ್ಯ ಇತ್ತು ನೋಡು! ಬಿಳಿ ಅರಿವೆಯ ಆ ಸಣ್ಣ ಗಂಟನ್ನು ಎಲ್ಲಿಡಲಿ ಎಂದು ಮೇಜಿನ ಮೇಲೆ ಜಾಗ ಹುಡುಕುತ್ತಿದ್ದೆ.

‘ಅಲ್ಲಿ ಇಡಬ್ಯಾಡ್ರಿ ಅಕ್ಕಾ,’ ಎಂದು ನೀನು ಕೈ ಚಾಚಿದೆ. ‘ನನ್ನ ಕೈಯಾಗ ಕೊಡ್ರಿ. ಲಗೂನ ತಿಂದು ಏಳ್ರಿ.’

ನಾನು ತಿಂದೆ. ನೀನು ಅಲ್ಲಿಯ ನೀರನ್ನೂ ಮುಟ್ಟಲಿಲ್ಲ. ಜಳಕ ಮಾಡದೆ ಮತ್ತೆ ಕಟ್ಟಿಕೊಳ್ಳುವ ಹಾಗಿಲ್ಲವಲ್ಲ — ಬಸ್ಸಿನಲ್ಲಿ ಮನೆ ಮುಟ್ಟುವ ತನಕ ಅದು ನಿನ್ನ ಮುಷ್ಟಿಯಲ್ಲೇ ಇತ್ತು.

ಅತ್ತೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ನಮ್ಮಿಬ್ಬರ ಸೀರೆಯಲ್ಲೂ ಸುಟ್ಟ ವಾಸನೆ. ಮೂಗಿಗೆ ಸೆರಗು ಹಿಡಿದು ತಲೆ ಎತ್ತಿದರು. ನಿನ್ನ ಬೆರಳ ಸಂದಿಯಿಂದ ಶಿವದಾರ ಜೋತುಬಿದ್ದಿತ್ತು.

‘ಲಿಂಗ ಯಾಕ ಬಿಚ್ಚೀದಿ? ಏನ್ ತಿಂದು ಬಂದಿ ನೀ?’

ನಿನ್ನನ್ನೇ ಕೇಳಿದರು. ನನ್ನ ಬರಿಗೊರಳು ಕಾಣದ ಹಾಗೆ ನಾನು ಸೆರಗು ಎಳೆದುಕೊಂಡೆ. ಆಮೇಲೆ ಹೇಳಿದೆ —

‘ನಾ ಬ್ಯಾಡ ಅಂದೆನ್ರಿ ಅತ್ತಿ. ಆಕಿ ಕೇಳ್ಲಿಲ್ಲ.’

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರೆ. ನಾನು ಮೇಕೆಯನ್ನೇ ತಿಂದು ನಿನ್ನ ಬಾಯಿಗೆ ಒರೆಸಿದೆ. ನಿನ್ನ ಲಿಂಗ ನಿನ್ನ ಕೊರಳಲ್ಲೇ ಇತ್ತು, ಕುಪ್ಪಸದೊಳಗೆ. ಹೊರಗೆಳೆದು ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಿನ್ನ ಕೈ ಅಲ್ಲಿಯ ತನಕ ಹೋದದ್ದನ್ನು ನೋಡಿದೆ. ನೀನು ನನ್ನ ಮುಖ ನೋಡಿದೆ — ಏನು ಕಂಡಿತೋ — ಕೈ ಕೆಳಗಿಳಿಯಿತು.

ಅತ್ತೆ ನಿನ್ನನ್ನು ಮಠಕ್ಕೆ ಕರೆದೊಯ್ದರು. ಅದಕ್ಕೂ ಮುಂಚೆ ನೀನು ನಿನ್ನದನ್ನು ಬಿಚ್ಚಿ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದೆ. ಸ್ವಾಮಿಗಳು ಶುದ್ಧಿ ಮಾಡಿ, ಬುದ್ಧಿ ಹೇಳಿ, ನನ್ನ ಲಿಂಗವನ್ನು ನಿನ್ನ ಕೊರಳಿಗೆ ಕಟ್ಟಿದರು. ನಾನು ಹಿಂದೆ ನಿಂತು ಕೈ ಮುಗಿದಿದ್ದೆ. ಮನೆಗೆ ಬಂದ ಮೇಲೆ ಹಿತ್ತಲಲ್ಲಿ ನೀನು ಅದನ್ನು ಬಿಚ್ಚಿ ನನ್ನ ಮುಂದೆ ಹಿಡಿದೆ. ‘ತಗೋರಿ ಅಕ್ಕಾ. ಜಳಕ ಆಗೈತಿಲ್ರಿ?’ ಅಂದದ್ದು ಅಷ್ಟೇ. ಕೆನ್ನೆಗೆ ಹೊಡೆದಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಶುದ್ಧಿಯಾದರೂ ಅತ್ತೆಯ ಮನಸ್ಸು ತಿಳಿಯಾಗಲಿಲ್ಲ. ನಿನಗೆ ದೇವರ ಕೋಣೆ ಇಲ್ಲ, ಒಲೆ ಇಲ್ಲ. ತಟ್ಟೆ ಬೇರೆ. ಕಡೆಗೆ ನೀನೂ ಮೈದುನನೂ ಶಾಂತಿನಗರಕ್ಕೆ ಹೋಗಿ ಬೇರೆ ಸಂಸಾರ ಹೂಡಿದಿರಿ. ಬೀಗರೆದುರು ಅತ್ತೆ ನನ್ನನ್ನು ಹೊಗಳಿದಾಗಲೆಲ್ಲ ಅದು ನನಗೆ ಬಿಸಿತುಪ್ಪ. ಆದರೂ ಪ್ರತಿ ಸಲ ನುಂಗಿದೆ. ಕೊನೆಗಾಲದಲ್ಲಿ ನೀನು ಚಮಚದಲ್ಲಿ ನೀರು ತಂದಾಗ ಅವರು ತುಟಿ ಬಿಗಿದು ಮುಖ ಹೊರಳಿಸಿದರು. ನಾನು ಹಾಕಿದೆ, ಕುಡಿದರು. ಆಗಲಾದರೂ ಹೇಳಬಹುದಿತ್ತು. ಕಿವಿ ಕೇಳುತ್ತಿತ್ತು ಅವರಿಗೆ.

ಮೊನ್ನೆ ಅವರ ವರ್ಷದ ಪೂಜೆ. ನಿನ್ನ ಮಗಳು ಪ್ರಸಾದದ ತಟ್ಟೆ ಎತ್ತಿಕೊಂಡಳು. ನನ್ನ ಮಗ, ಮೀಸೆ ಚಿಗುರುತ್ತಿರುವ ಹುಡುಗ, ಎಲ್ಲರೆದುರು ನಕ್ಕು ಅಂದ: ‘ನೀ ಮುಟ್ಟಬ್ಯಾಡಲೇ, ನಿಮ್ಮವ್ವ ಖಂಡ ತಿಂದಾಕಿ!’ ಕೂತವರು ನಕ್ಕರು. ಹುಡುಗಿ ತಟ್ಟೆ ಕೆಳಗಿಟ್ಟು ನಿನ್ನನ್ನು ನೋಡಿದಳು. ನೀನು ನೆಲ ನೋಡಿದೆ. ನಾನು — ನಾನು ಬಡಿಸುತ್ತಲೇ ಇದ್ದೆ.

ಇವತ್ತು ಅವನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ‘ಹೋಗ್ಲಿ ಬಿಡವ್ವಾ,’ ಎಂದ. ‘ಈಗ ಯಾರ್ ಕೇಳ್ತಾರ? ಹಾಸ್ಟೆಲಿನ್ಯಾಗ ನಾನೂ ತಿಂತೀನಿ.’ ಹಾಗಾದರೆ ಆ ಹುಡುಗಿಯನ್ನು ನೋಡಿ ನಕ್ಕದ್ದು ಯಾಕೆ ಎಂದು ಕೇಳಿದೆ. ತಲೆ ತಗ್ಗಿಸಿದ. ಅವನನ್ನು ಬೈಯಲು ನನಗೆ ಬಾಯಿಯಾದರೂ ಎಲ್ಲಿದೆ — ಕಲಿಸಿದವಳು ನಾನೇ.

ಸೋಮವಾರ ಅವನನ್ನೂ ಕರೆದುಕೊಂಡು ಶಾಂತಿನಗರಕ್ಕೆ ಬರುತ್ತೇನೆ. ಅವತ್ತು ನೀನು ಯಾಕೆ ಸುಮ್ಮನಿದ್ದೆ ಎಂದು ಕೇಳುವುದಿಲ್ಲ, ಆ ಹಕ್ಕು ನನಗಿಲ್ಲ. ಮಗಳನ್ನು ಮಾತ್ರ ಆ ದಿನ ಶಾಲೆಗೆ ಕಳಿಸಬೇಡ, ಗಿರಿಜಾ. ನಾನು ಹೇಳುವಾಗ ಅವಳು ಎದುರಿಗೆ ಕೂತಿರಬೇಕು.