ಮಾಳಿಗೆಯ ಮೇಲೊಂದು ಮೆಂತ್ಯದ ಮಡಿ

ಬೇಸಿಗೆ ಬಂತೆಂದರೆ ತವರಿಗೆ ಹೊರಟು ನಿಲ್ಲುವ ಹೆಂಡತಿಯನ್ನು ತಡೆಯಲು ಲೋಕದ ಗಂಡಂದಿರು ಏನೇನು ಮಾಡುತ್ತಾರೋ ನನಗೆ ತಿಳಿಯದು. ಕೆಲವರು ಸೀರೆ ತರುತ್ತಾರಂತೆ, ಕೆಲವರು ಜಗಳ ತೆಗೆಯುತ್ತಾರಂತೆ. ನಾನು ಮಾಳಿಗೆಗೆ ಮಣ್ಣು ಹೊತ್ತೆ. ಐದಾರು ಬುಟ್ಟಿ ಅಲ್ಲ, ಒಂದು ಬಂಡಿ ಮಣ್ಣು. ಆಫೀಸಿನಲ್ಲಿ ಈವರೆಗೆ ಯಾರಿಗೂ ಈ ಮಾತು ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ.

ನಮ್ಮ ಮದುವೆಯಾದದ್ದು ಎಪ್ಪತ್ತೇಳರಲ್ಲಿ. ನನ್ನದು ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್, ನನ್ನ ಹೆಂಡತಿ ನೀಲಮ್ಮನದು ದೇವದುರ್ಗ. ನಾನು ರಾಯಚೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ಹೆಣ್ಣು ಕೊಡುವ ಮೊದಲು ಮಾವನವರು ನನ್ನ ಬಾಡಿಗೆ ಮನೆಗೆ ಬಂದು ಹೋದರು. ನನ್ನನ್ನು ಅಷ್ಟಾಗಿ ನೋಡಲಿಲ್ಲ, ಛತ್ತನ್ನು ನೋಡಿದರು. ಆಗ ಸಿಮೆಂಟಿನ ಸ್ಲ್ಯಾಬ್ ಹಾಕಿದ ಮನೆಯೆಂದರೆ ದೊಡ್ಡಸ್ತಿಕೆ. ಮಳೆಗಾಲದಲ್ಲಿ ಮಗಳ ತಲೆಯ ಮೇಲೆ ಹನಿ ಬೀಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೂಂ ಅಂದರು. ರಾಯಚೂರಿನಲ್ಲಿ ಮಳೆ ಎಷ್ಟು ದಿನ, ಬಿಸಿಲು ಎಷ್ಟು ದಿನ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮೊದಲ ಬೇಸಿಗೆಯಲ್ಲೇ ಹೊಳೆಯಿತು. ಆ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ಸಂಜೆಯಿಂದ ನಮ್ಮ ಮೇಲೆ ಕಾರುತ್ತಿತ್ತು. ಫ್ಯಾನು ಹಾಕಿದರೆ ಬಿಸಿಗಾಳಿ, ಆರಿಸಿದರೆ ಬೆವರು. ನೀಲಮ್ಮ ಮುಖ ಬಾಡಿಸಿಕೊಂಡು ಕೂತಿರುವುದನ್ನು ಕಂಡು, ಸೆಕೆಗೇ ಇರಬೇಕೆಂದು, ಶಕಿ ಆತೇನು ಎಂದು ಕೇಳಿದೆ. ಹೂಂ ಎಂದಳು. ಯುಗಾದಿಯ ಮರುದಿನ ಅವಳ ಅಣ್ಣ ಬಸಣ್ಣ ಬಂದು ಕರೆದುಕೊಂಡು ಹೋದ. ಮೃಗಶಿರೆಯ ಮಳೆ ಬಿದ್ದ ಮೇಲೆ ತಂದು ಬಿಟ್ಟ. ಮುಂದೆ ಅದೇ ಪದ್ಧತಿಯಾಯಿತು. ವರ್ಷಾ ವರ್ಷಾ ಯುಗಾದಿಯ ಬೆಲ್ಲ ಅವಳ ಜೊತೆ ದೇವದುರ್ಗದ ಬಸ್ಸು ಹತ್ತುತ್ತಿತ್ತು, ಬೇವು ನನ್ನ ಪಾಲಿಗೆ ಉಳಿಯುತ್ತಿತ್ತು. ಆಗಿನ್ನೂ ನಮಗೆ ಮಕ್ಕಳಿರಲಿಲ್ಲ. ಖಾನಾವಳಿಯ ರೊಟ್ಟಿ ತಿಂದು ಬಂದು ಬೀಗ ತೆಗೆದರೆ, ಒಳಗಿನಿಂದ ಯಾರೂ ಏನೂ ಕೇಳುತ್ತಿರಲಿಲ್ಲ. ಅವಳ ಹಸಿರು ಬಳೆಗಳು ಗೂಡಿನಲ್ಲಿ ಇದ್ದಲ್ಲೇ ಇರುತ್ತಿದ್ದವು. ಎರಡೂವರೆ ತಿಂಗಳು ನಾನು ಆಕಾಶ ನೋಡುತ್ತಿದ್ದೆ. ಮೋಡದ ಕುರಿತು ನನಗಿದ್ದಷ್ಟು ಆಸ್ಥೆ ನಮ್ಮೂರಿನ ಒಕ್ಕಲಿಗರಿಗೂ ಇರಲಿಲ್ಲ. ಹೆಂಡತಿ ಬೇಕೆನಿಸುತ್ತಿತ್ತು, ಬಹಳ ಬೇಕೆನಿಸುತ್ತಿತ್ತು. ಪತ್ರದಲ್ಲಿ ಮಾತ್ರ 'ನಾನು ಕ್ಷೇಮ' ಎಂದು ಬರೆಯುತ್ತಿದ್ದೆ.

ಅಂಥ ಮಧ್ಯಾಹ್ನಗಳಲ್ಲಿ ನನಗೆ ನಮ್ಮೂರ ಮನೆ ನೆನಪಾಗುತ್ತಿತ್ತು. ಅದು ಮಣ್ಣಿನ ಮಾಳಿಗೆ. ಜಂತಿಯ ಮೇಲೆ ಕಟ್ಟಿಗೆ, ಕಟ್ಟಿಗೆಯ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಮೊಳದಷ್ಟು ದಪ್ಪ ಮಣ್ಣು. ಎಲ್ಲಕ್ಕಿಂತ ಮೇಲೆ, ನೀರು ಇಳಿಯದಂತೆ ತಡೆಯುವ ಕರ್ಲು ಎಂಬ ಉಪ್ಪುಮಣ್ಣು. ಪ್ರತಿ ವರ್ಷ ಮಳೆಗೆ ಮೊದಲು ಊರಿನ ಬಂಡಿಗಳೆಲ್ಲ ಕರ್ಲು ಹೇರಿಕೊಂಡು ಬರುತ್ತಿದ್ದವು. ಕರ್ಲು ತೊಳೆದುಹೋದ ಕಡೆ ಶ್ರಾವಣಕ್ಕೆ ಹುಲ್ಲು ಏಳುತ್ತಿತ್ತು. ನಮ್ಮ ಆಡು ಮೆಟ್ಟಿಲು ಹತ್ತಿ ಹೋಗಿ ಮನೆಯ ತಲೆಯ ಮೇಲೆಯೇ ಮೇಯುತ್ತಿತ್ತು. ಕೆಳಗೆ ಅಜ್ಜ ಕಂಬಳಿ ಹೊದ್ದು ಮಲಗಿರುತ್ತಿದ್ದ. ಹೊರಗೆ ಕಾಲು ಸುಡುವ ಹೊತ್ತಿನಲ್ಲೂ ಒಳಗೆ ಮಡಕೆಯ ನೀರಿನಂಥ ತಂಪು. ಬಿಸಿಲನ್ನೆಲ್ಲ ಮಣ್ಣು ತನ್ನ ಮೇಲೆ ಹಾಕಿಕೊಳ್ಳುತ್ತಿತ್ತು, ಹಸಿರು ಇದ್ದರೆ ಎಲೆಗಳು ಅದರಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದವು. ಈಗ ಓದಿದವರು ಪಟ್ಟಣದ ಮನೆಗಳ ಮೇಲೆ ಗಿಡ ಬೆಳೆಸಬೇಕು, ಕಾವು ಇಳಿಯುತ್ತದೆ ಎನ್ನುತ್ತಾರೆ. ನಮ್ಮ ಆಡಿಗೆ ಇದು ಮೊದಲೇ ಗೊತ್ತಿತ್ತು.

ಹೈಸ್ಕೂಲಿನ ಚರಿತ್ರೆಯಲ್ಲಿ ಓದಿದ ಇನ್ನೊಂದು ಸಂಗತಿಯೂ ತಲೆಯಲ್ಲಿತ್ತು. ಬ್ಯಾಬಿಲೋನಿನ ದೊರೆಯೊಬ್ಬ ಬೆಟ್ಟದ ಸೀಮೆಯಿಂದ ಮದುವೆಯಾಗಿ ಬಂದ ರಾಣಿ ತವರನ್ನು ನೆನೆದು ಕೊರಗುತ್ತಾಳೆಂದು ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ ತೋಟ ಮಾಡಿಸಿದನಂತೆ. ಅವನಿಗೆ ಆಳುಗಳಿದ್ದರು, ನನಗೆ ಎರಡನೇ ಶನಿವಾರದ ರಜೆ ಇತ್ತು. ಎಂಬತ್ತೆರಡರ ಸಂಕ್ರಾಂತಿಗೆ ನಾನೂ ಕೈಹಾಕಿದೆ. ಯಾಕೆ ಎಂದು ನೀಲಮ್ಮನಿಗೆ ಹೇಳಲಿಲ್ಲ. ಹೇಳಿದರೆ, ನೀನಿಲ್ಲದೆ ಇರಲಾರೆ ಎಂದು ಒಪ್ಪಿಕೊಂಡಂತಾಗುತ್ತಿತ್ತು. ನಮ್ಮ ಕಡೆಯ ಗಂಡಸರು ಅಂಥ ಮಾತನ್ನು ಸುಲಭಕ್ಕೆ ಆಡುವುದಿಲ್ಲ.

ಬಂಡಿಯವನಿಗೆ ನಾನು ಹೇಳಿದ್ದು ಇಷ್ಟೇ, ಮಾಳಿಗೆಗೆ ಹಾಕಲು ಒಳ್ಳೆಯ ಮಣ್ಣು ಬೇಕು ಎಂದು. ಅವನು ಈ ಸೀಮೆಯವನು, ಮಾಳಿಗೆಗೆ ಹಾಕುವ ಮಣ್ಣೆಂದರೆ ಅವನಿಗೆ ಒಂದೇ. ಒಳ್ಳೆಯ ಬಿಳಿ ಕರ್ಲು ತಂದು ಸುರಿದ. ನಾನೂ ಈ ಸೀಮೆಯವನೇ. ಮಾಳಿಗೆಗೆ ಕರ್ಲು ಬಂದದ್ದು ಕಂಡು ನನಗೂ ಏನೂ ಅನುಮಾನ ಬರಲಿಲ್ಲ, ಊರಿನ ನೆನಪಾಗಿ ಖುಷಿಯೇ ಆಯಿತು. ಬುಟ್ಟಿ ಬುಟ್ಟಿ ಹೊತ್ತು ಮೇಲೆ ಹರಡಿ, ಮೆಂತ್ಯ, ಕೊತ್ತಂಬರಿ ಬಿತ್ತಿ, ಸ್ನಾನದ ನೀರು ಉಳಿಸಿ ಹಾಕಿದೆ. ನೀಲಮ್ಮ ಕೆಳಗೆ ಬಾಗಿಲಲ್ಲಿ ನಿಂತು ನನ್ನ ಸೊಂಟದ ಕಡೆ ನೋಡುತ್ತಿದ್ದಳೇ ಹೊರತು ಮೇಲೆ ಹತ್ತಿ ಬರಲಿಲ್ಲ. ಕಾದ ಸ್ಲ್ಯಾಬಿನ ಮೇಲೆ ಅವಳಿಗೆ ಅದುವರೆಗೆ ಕೆಲಸವೇ ಬಿದ್ದಿರಲಿಲ್ಲ. ಹದಿನೈದು ದಿನ ಕಳೆಯಿತು. ಮಡಿಯಲ್ಲಿ ಉಪ್ಪಿನ ಬಿಳಿಯ ಪೊರೆ ಎದ್ದಿತೇ ವಿನಾ ಒಂದು ಮೊಳಕೆ ಏಳಲಿಲ್ಲ.

ನಮ್ಮ ಮನೆಯ ಬೆನ್ನಿಗೆ ಇನ್ನೊಂದು ಮನೆಯಿತ್ತು. ಅದು ಹಳೆಯ ಮಣ್ಣಿನ ಮಾಳಿಗೆಯದು. ಅದರ ಬಾಗಿಲು ಬೇರೆ ಓಣಿಗೆ, ನಮ್ಮದು ಬೇರೆ ಓಣಿಗೆ. ಎರಡೂ ಕೂಡುತ್ತಿದ್ದುದು ಮೇಲೆ, ಮೊಣಕಾಲೆತ್ತರದ ಗೋಡೆಯಲ್ಲಿ. ಅಲ್ಲಿನ ಖಾಜಾಬಿ, ಬಜಾರಿನಲ್ಲಿ ಬಟ್ಟೆ ಮಾರುವವರ ಹೆಂಡತಿ, ಮೆಣಸಿನಕಾಯಿ ಒಣಹಾಕಲು ಬಂದವರು ನನ್ನ ಹೊಲವನ್ನು ನೋಡಿ ನಿಂತರು.

"ಕರ್ಲದಾಗ ಮೆಂತ್ಯ ಬಿತ್ತೀರೇನ್ರಿ ಭಾಯಿ? ಹುಲ್ಲು ಹುಟ್ಟಬಾರದಂತನ ಮಂದಿ ಅದನ್ನ ಹಾಕ್ತಾರ."

ನನಗೆ ನಾಚಿಕೆಯಾಯಿತು. ಬಾಲ್ಯವಿಡೀ ಕಂಡದ್ದನ್ನು ಮರೆಯಲು ಹತ್ತು ವರ್ಷದ ಗುಮಾಸ್ತಗಿರಿ ಸಾಕಾಗಿತ್ತು. ಆಕೆಯೇ ದಾರಿ ತೋರಿಸಿದರು. ಕರ್ಲು ಅಡಿಯಲ್ಲಿ ಹಾಗೇ ಇರಲಿ, ಸ್ಲ್ಯಾಬಿಗೆ ನೀರು ಇಳಿಯದಂತೆ ಅದು ಕಾಯುತ್ತದೆ. ಮೇಲೆ ಮಸಾರಿ ಎಂಬ ಕೆಂಪು ಮಣ್ಣು ಹಾಕಿ, ಅದಕ್ಕೆ ಗೊಬ್ಬರ ಸೇರಿಸಿ, ಭಾರ ಆಗದಂತೆ ರೈಸ್‌ಮಿಲ್ಲಿನ ಭತ್ತದ ಹೊಟ್ಟು ಬೆರೆಸಿ ಎಂದರು. ಹೊಟ್ಟಿಗೆ ರಾಯಚೂರಿನಲ್ಲಿ ಬರವೇ? ಮತ್ತೆರಡು ರವಿವಾರ ಹೊತ್ತೆ. ಈ ಸಲ ಒಂದು ವಾರಕ್ಕೇ ಮೆಂತ್ಯ ತಲೆಯೆತ್ತಿತು. ಹೋಳಿಹುಣ್ಣಿಮೆಯ ಹೊತ್ತಿಗೆ ಪುಂಡಿ ಸೊಪ್ಪು ಬಂತು, ಹೀರೆಬಳ್ಳಿ ಚಪ್ಪರ ಹಿಡಿಯಿತು. ಮೂಲೆಯಲ್ಲಿಟ್ಟ ಡಬ್ಬಿಯಲ್ಲಿ ಒಂದು ಮಲ್ಲಿಗೆಯೂ ಚಿಗುರಿತು. ಬಿಸಿಲೇರಿದ ದಿನ ನಾನು ಸ್ಟೂಲು ಹತ್ತಿ ಒಳಗಿನಿಂದ ಛತ್ತಿಗೆ ಅಂಗೈ ಇಟ್ಟು ನೋಡಿದೆ. ಕಾದಿರಲಿಲ್ಲ. ಕಾಯಿಲೆ ಬಿದ್ದ ಮಗುವಿನ ಹಣೆಯಿಂದ ಜ್ವರ ಇಳಿದದ್ದನ್ನು ಕಂಡಷ್ಟು ಸಮಾಧಾನವಾಯಿತು.

ಯುಗಾದಿ ಬಂತು. ನಾನು ಕೆಲವು ದಿನಗಳಿಂದ, ಮನೆ ಎಷ್ಟು ತಂಪಾಗಿದೆ ನೋಡು ಎಂದು ದಿನಕ್ಕೆರಡು ಬಾರಿ ಹೇಳುತ್ತಿದ್ದೆ. ತಂಪದ ಬಿಡ್ರಿ ಎಂದು ಅವಳೂ ಒಪ್ಪುತ್ತಿದ್ದಳು. ಹಬ್ಬದ ಮರುದಿನ ಬೆಳಿಗ್ಗೆ ಬಸಣ್ಣ ಬಂದ. ನೀಲಮ್ಮ ಎಂದಿನಂತೆ ಟ್ರಂಕು ತುಂಬಿದಳು. ನಾನು ನೋಡುತ್ತಾ ನಿಂತೆ. ತಂಪದ ಅಂದಿದ್ದೆಯಲ್ಲ ಎಂದು ಕೇಳುವ ಬದಲು ಟ್ರಂಕಿನ ಚಿಲಕ ಹಾಕಿಕೊಟ್ಟೆ. ಆ ದೊರೆಯ ತೋಟದಿಂದ ಹೊರಟುಹೋದ ರಾಣಿಯ ಕಥೆಯನ್ನು ಚರಿತ್ರೆಯವರು ಬೇಕೆಂದೇ ಬಿಟ್ಟಿರಬೇಕು ಅನ್ನಿಸಿತು.

ತವರಿಗೆ ಬರಿಗೈಯಲ್ಲಿ ಹೋಗಬಾರದು. ನಿಮ್ಮ ಮೆಂತ್ಯ ಎರಡು ಸೂಡು ಕಿತ್ತುಕೊಳ್ಳಲೇ ಎಂದು ಕೇಳಿ ಅವಳು ಮೊದಲ ಸಲ ಮಾಳಿಗೆ ಹತ್ತಿದಳು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಬಸಣ್ಣ ಗಡಿಯಾರ ನೋಡಿದ. ಬಸ್ಸಿನ ಹೊತ್ತು ಮೀರಿತು. ಕರೆಯಲು ಹೋದ ನಾನು ಕೊನೆಯ ಮೆಟ್ಟಿಲಲ್ಲೇ ನಿಂತೆ. ಹೀರೆಬಳ್ಳಿಯ ನೆರಳಿನಲ್ಲಿ, ಗೋಡೆಯ ಆ ಕಡೆ ಖಾಜಾಬಿ, ಈ ಕಡೆ ನೀಲಮ್ಮ. ಮೆಂತ್ಯ ಮಡಿಲಲ್ಲೇ ಬಾಡುತ್ತಿತ್ತು. ದೇವದುರ್ಗದ ಮನೆಗೆ ಎಂಥ ಸೊಸೆ ಬೇಕೆಂಬುದರಿಂದ ಹಿಡಿದು ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಎಷ್ಟೆಂಬುದರವರೆಗೆ ಮಾತು ಸಾಗಿತ್ತು. ನನ್ನ ಹೆಂಡತಿ ಅಷ್ಟು ಮಾತಾಡುತ್ತಾಳೆಂಬುದೇ ನನಗೆ ಗೊತ್ತಿರಲಿಲ್ಲ. ಕೆಳಗಿಳಿದು ಬಂದವಳು ಅಣ್ಣನಿಗೆ, ಮುಂದಿನ ವಾರ ಬಾ ಎಂದಳು. ಮುಂದಿನ ವಾರ ಬಂದವನಿಗೂ ಅದನ್ನೇ ಹೇಳಿದಳು. ಮೂರನೆಯ ಸಲ ಬಸಣ್ಣ ಬರಲಿಲ್ಲ.

ಆ ಬೇಸಿಗೆಯನ್ನು ನಾನು ಗೆದ್ದವನಂತೆ ಕಳೆದೆ. ಮೃಗಶಿರೆಯ ಮೊದಲ ಮಳೆ ಬಂದು ನಿಂತ ಸಂಜೆ, ಹೊಗಳಿಕೆ ಕೇಳುವ ಆಸೆಯಿಂದ, ಮನೆ ತಂಪಾದದ್ದಕ್ಕೇ ಉಳಿದೆಯಲ್ಲವೇ ಎಂದು ಕೇಳಿದೆ. ಅವಳು ಹೀರೆಕಾಯಿ ಹೆರೆಯುತ್ತಿದ್ದಳು.

"ಶಕಿ ದೇವದುರ್ಗದಾಗೂ ಅದರೀ," ಎಂದಳು. "ಅಲ್ಲಿ ಮಾಳಗಿ ಏರಿದ್ರ ನಾಕು ಮನಿ ಹೆಣಮಕ್ಕಳು ಮಾತಿಗಿ ಸಿಗ್ತಾರ. ಇಲ್ಲಿ ನೀವು ಆಫೀಸಿಗಿ ಹೋದ ಮ್ಯಾಲ ನನ್ನ ಕೂಡ ಮಾತಾಡೂರು ಯಾರಿದ್ರು?"

"ಮತ್ತ ಹೇಳಬಾರದಾಗಿತ್ತೇನು?"

"ನೀವು ಶಕಿ ಆತೇನು ಅಂತ ಕೇಳಿದ್ರಿ. ಹೂಂ ಅಂದೆ. ಬ್ಯಾರೆ ಏನೂ ಕೇಳಲಿಲ್ಲಲ್ಲ."

ಸಿಟ್ಟಿನಿಂದ ಹೇಳಲಿಲ್ಲ, ಹೀರೆಕಾಯಿ ಹೆರೆಯುತ್ತಲೇ ಹೇಳಿದಳು. ನನ್ನದು ವರ್ಷಕ್ಕೆ ಎರಡೂವರೆ ತಿಂಗಳ ಹಂಬಲ. ಅಷ್ಟಕ್ಕೇ ಮನೆಯ ತಲೆಯ ಮೇಲೆ ಹೊಲ ಮಾಡಿ ಬ್ಯಾಬಿಲೋನಿನ ದೊರೆಯ ಪಕ್ಕದಲ್ಲಿ ಕೂತುಬಿಟ್ಟಿದ್ದೆ. ಉಳಿದ ಒಂಬತ್ತೂವರೆ ತಿಂಗಳು ಅದೇ ಹಂಬಲ ಅವಳಿಗಿತ್ತು, ಅದೂ ನಾನು ದಿನಾ ಎದುರಿಗೆ ಕೂತು ಉಣ್ಣುತ್ತಿರುವಾಗ.