ಗಾದಿಗೂ ಕಂಬಿಗೂ ನಡುವಿನ ಸಂದು

ಅವ್ವ ಬನಹಟ್ಟಿಯಲ್ಲಿ ಕುಣಿಮಗ್ಗದ ಮೇಲೆ ಸೀರೆ ನೇಯ್ದವಳು. ನೆಲದಲ್ಲಿ ತೋಡಿದ ಕುಣಿಯೊಳಗೆ ಎರಡೂ ಕಾಲುಗಳನ್ನು ಇಳಿಬಿಟ್ಟು ಕೂರುವುದು ಆ ಮಗ್ಗದ ರೀತಿ. ವಯಸ್ಸಾದ ಮೇಲೆ ಅವಳ ನೆನಪು ಆಗಾಗ ಹಿಂದಿನ ದಿನಗಳಿಗೆ ಜಾರತೊಡಗಿತು. ಮನೆಯಲ್ಲಿ ಎರಡು ಸಲ ಬಿದ್ದ ಬಳಿಕ ಅವಳನ್ನು ಜಮಖಂಡಿಯ ಆರೈಕೆ ಕೇಂದ್ರವೊಂದಕ್ಕೆ ಸೇರಿಸಿದೆವು.

ಅಲ್ಲಿದ್ದ ನರ್ಸ್ ನನ್ನ ಹಳೆಯ ವಿದ್ಯಾರ್ಥಿನಿ. ಮೊದಲ ದಿನವೇ ಮಂಚದ ಎರಡೂ ಬದಿಯ ಕಂಬಿಗಳನ್ನು ಏರಿಸುವಂತೆ ಆಕೆಗೆ ಹೇಳಿದೆ.

“ಹಂಗ ಏರ್ಸಾಕ ಬರೂದಿಲ್ರಿ ಸರ. ಡಾಕ್ಟರ್ ನೋಡಿ ಬರದು ಕೊಡಬೇಕು. ಅವರು ನಾಡಿದ್ದು ಬರ್ತಾರ.”

“ಅಲ್ಲೀತನಕ ಬಿದ್ದರ? ನಾ ಹೇಳಾಕತ್ತೇನಲ್ಲ, ಏರಿಸವಾ.”

ಆಕೆ ಏರಿಸಿದಳು. ರಜೆಯ ಚೀಟಿಯಲ್ಲಿ ಪಾಲಕರ ಸಹಿ ಇಲ್ಲದಿದ್ದರೆ ಇದೇ ಹುಡುಗಿಯನ್ನು ತರಗತಿಯ ಬಾಗಿಲಲ್ಲೇ ನಿಲ್ಲಿಸುತ್ತಿದ್ದವನು ನಾನು.

ಅವ್ವ ಕಂಬಿಯನ್ನು ತಟ್ಟಿ ನೋಡಿದಳು. “ಏನಲೇ ಮಾಸ್ತರಾ, ನನ್ನ ಎಮ್ಮಿ ಮಾಡಿ ದಡ್ಡ್ಯಾಗ ಹಾಕಿದೇನು?”

ನಾನು ನಕ್ಕೆ. ನರ್ಸ್ ನಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ಮನೆಯ ಉಪ್ಪಿಟ್ಟಿನ ಡಬ್ಬಿ ಹಿಡಿದು ಕೋಣೆಯ ಬಾಗಿಲು ತೆರೆದೆ. ಹಾಸಿಗೆಯ ಮೇಲೆ ಅವ್ವ ಇರಲಿಲ್ಲ. ಗಾದಿ ಮಂಚಕ್ಕಿಂತ ಕಿರಿದು; ಅದು ಆಚೆ ಸರಿದು ಕಂಬಿಯ ಪಕ್ಕದಲ್ಲಿ ಸಂದು ಬಿಟ್ಟಿತ್ತು. ಕಾಲುಗಳು ಕಂಬಿಯ ಕೆಳಗಿನ ತೆರಪಿನಿಂದ ಹೊರಜಾರಿ, ಆ ಸಂದಿನಲ್ಲಿ ಅವಳು ಎದೆಯವರೆಗೆ ಇಳಿದು ಸಿಕ್ಕಿಕೊಂಡಿದ್ದಳು. ಪಾದಗಳು ನೆಲಕ್ಕೆ ಮುಟ್ಟಿರಲಿಲ್ಲ. ಮುಖ ಕಪ್ಪಿಟ್ಟಿತ್ತು. ಬಲಗೈ ಮಾತ್ರ ಗಾಳಿಯಲ್ಲಿ ಇಲ್ಲದ ಮಗ್ಗದ ಲಾಳಿಯ ಹಗ್ಗವನ್ನು ಎಳೆಯುತ್ತಿತ್ತು.

“ಕುಣಿ... ಬಿಗಿ ಆತೋ ತಮ್ಮಾ...”

ಡಬ್ಬಿ ಕೈಜಾರಿ ಬಿದ್ದ ಸದ್ದಿಗೆ ನರ್ಸ್ ಓಡಿ ಬಂದಳು.

“ನಿಂತು ಏನ್ ನೋಡ್ತೀರಿ ಸರ! ಬಗಲಾಗ ಕೈ ಹಾಕಿ ಮ್ಯಾಲ ಎತ್ತರಿ!”

ಎತ್ತಿದೆ. ಆಕೆ ಗಾದಿಯನ್ನು ಒದ್ದು ಸರಿಸಿ ಕಂಬಿಯನ್ನು ಇಳಿಸಿದಳು. ಅವ್ವ ಸದ್ದು ಮಾಡಿ ಉಸಿರೆಳೆದಳು. ಅವಳ ಎದೆಯ ಮೇಲೆ ಕಂಬಿಯ ಗುರುತು ಕೆಂಪಗೆ ಮೂಡಿತ್ತು.

ಮಧ್ಯಾಹ್ನ ಬಂದ ವೈದ್ಯರು ಅವಳನ್ನು ಪರೀಕ್ಷಿಸಿ, ಜೀವಕ್ಕೆ ಅಪಾಯವಿಲ್ಲವೆಂದರು. ಅನಂತರ ಕೇಳಿದರು: “ಕಂಬಿ ಯಾರು ಏರ್ಸಿದ್ರು?”

“ನಾನರಿ,” ಎಂದಳು ನರ್ಸ್.

“ಏರಿಸಂತ ಹೇಳಿದಾಂವ ನಾನರಿ,” ಎಂದೆ.

“ಗುಳಿಗಿ ಕೊಡೂವಾಗ ನನ್ನ ಕೇಳ್ತೀರಿ. ಇದನ್ನೂ ಹಂಗ ಕೇಳಬೇಕ್ರಿ. ಯಾರಿಗೆ, ಯಾಕ, ಎಷ್ಟೊತ್ತು ಅಂತ ನೋಡಿ ಬರೀಬೇಕು. ತಿಳುವಳಿಕಿ ಮಸಕಾದವರು ಕಂಬಿ ದಾಟಾಕ ಹೋಗ್ತಾರ, ಇಲ್ಲಾ ಸಂದಿನ್ಯಾಗ ಇಳೀತಾರ. ಇರಲಿ, ಅವ್ವಾರನ್ನ ಯಾರರೆ ಕೇಳಿದ್ರೇನು?”

ಯಾರೂ ಕೇಳಿರಲಿಲ್ಲ. ವೈದ್ಯರು ಕಂಬಿಯಿಲ್ಲದ ತಗ್ಗು ಮಂಚ, ಕೈಗೆಟುಕುವ ಕರೆಗಂಟೆ, ಮಂಚದ ಪಕ್ಕ ನೆಲಕ್ಕೊಂದು ದಪ್ಪ ಚಾಪೆ ಎಂದು ಬರೆದು ಸಹಿ ಮಾಡಿದರು. ನಾನು ಅವ್ವನ ಬಳಿ ಕುಳಿತು, ಹೀಗೆ ಮಾಡಬಹುದೇ ಎಂದು ಕೇಳಿದೆ.

“ಇಳ್ಯಾಕ ದಾರಿ ಬಿಡ್ರಿ, ಸಾಕು,” ಎಂದಳು.

ಈಗ ಆ ಮಂಚಕ್ಕೆ ಕಂಬಿಯಿಲ್ಲ. ಆದರೂ ಹೋದಾಗಲೆಲ್ಲ, ಮಾತಿಗೆ ಮೊದಲು, ನನ್ನ ಕೈ ಗಾದಿಯ ಅಂಚನ್ನು ತಡವಿ ನೋಡುತ್ತದೆ.